ಆಪರೇಷನ್ ಥಿಯೇಟರಿನಲ್ಲಿ ನಾಯಕ ಯಾರು?

ನಾಯಕತ್ವದ ತರಬೇತಿಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಕೈಗೆ ಸಿಗುತ್ತದೆ. ಆಜ್ಞೆ ಕೊಟ್ಟು ಕೆಲಸ ಮಾಡಿಸುವವರು, ಎಲ್ಲರನ್ನೂ ಕೇಳಿ ನಿರ್ಧರಿಸುವವರು, ಕೆಲಸ ಒಪ್ಪಿಸಿ ದೂರ ನಿಲ್ಲುವವರು. ಇವರಲ್ಲಿ ನೀವು ಯಾರು ಎಂದು ಗುರುತು ಹಾಕಿಕೊಳ್ಳಿ ಅನ್ನುತ್ತಾರೆ. ಅರಿವಳಿಕೆ ತಜ್ಞೆಯಾಗಿ ಥಿಯೇಟರಿನಲ್ಲೇ ದಿನ ಕಳೆಯುವ ನನಗೆ ಆ ಪ್ರಶ್ನೆಯೇ ಸರಿ ಅನ್ನಿಸುವುದಿಲ್ಲ. ಒಂದೇ ಸಿಸೇರಿಯನ್‌ನಲ್ಲಿ ಈ ಮೂರೂ ಬೇಕಾಗುತ್ತವೆ, ಕೆಲವೊಮ್ಮೆ ಹತ್ತು ನಿಮಿಷದ ಅಂತರದಲ್ಲಿ. ಯಾವ ಹೊತ್ತಿಗೆ ಯಾವುದು ಎಂದು ತಿಳಿಯದೆ ಹೋದಾಗ ಜೀವ ಹೋಗುತ್ತದೆ.

ನಮ್ಮ ಕ್ಷೇತ್ರ ಈ ಪಾಠವನ್ನು ಕಲಿತದ್ದು ಬಹುಮಟ್ಟಿಗೆ ವಿಮಾನ ಚಾಲಕರಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1977ರ ಮಾರ್ಚ್ 27. ಸ್ಪೇನಿನ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಅಲ್ಲಿ ಇಳಿಯಬೇಕಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ಒತ್ತಾಗಿ ನಿಂತಿದ್ದವು. ದಟ್ಟ ಮಂಜು. ಕೆಎಲ್ಎಂ ಸಂಸ್ಥೆಯ 747 ವಿಮಾನದ ಕ್ಯಾಪ್ಟನ್ ಯಾಕೋಬ್ ವೆಲ್ಡ್‌ಹೌಸೆನ್ ವಾನ್ ಜಾಂಟೆನ್ ಆ ಸಂಸ್ಥೆಯಲ್ಲಿ 747 ಚಾಲಕರ ತರಬೇತಿಯ ಮುಖ್ಯಸ್ಥರು. ಸಂಸ್ಥೆಯ ಜಾಹೀರಾತಿನಲ್ಲಿ ಅವರದೇ ಮುಖ. ಪಕ್ಕದಲ್ಲಿ ಕೂತ ಸಹಚಾಲಕ 747 ಹಾರಿಸಲು ಅರ್ಹ ಎಂದು ಸುಮಾರು ಎರಡು ತಿಂಗಳ ಹಿಂದೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟವರೂ ಅವರೇ. ಸಿಬ್ಬಂದಿಯ ಕೆಲಸದ ಗಂಟೆಗಳ ಮಿತಿ ಮುಗಿಯುತ್ತಾ ಬಂದಿತ್ತು.

ಕ್ಯಾಪ್ಟನ್ ಮೊದಲ ಸಲ ಎಂಜಿನ್ ವೇಗ ಹೆಚ್ಚಿಸಿದಾಗ, ಇನ್ನೂ ಅನುಮತಿ ಬಂದಿಲ್ಲ ಎಂದು ಸಹಚಾಲಕ ಹೇಳಿದರು. ಗೊತ್ತು, ಕೇಳು ಎಂದರು ಕ್ಯಾಪ್ಟನ್. ಸ್ವಲ್ಪ ಹೊತ್ತಿಗೇ ಎರಡನೇ ಸಲ ವೇಗ ಹೆಚ್ಚಿಸಿದರು. ಈ ಬಾರಿ ಸಹಚಾಲಕ ಅವರನ್ನು ತಡೆಯಲಿಲ್ಲ. ಅದೇ ರನ್‌ವೇಯಲ್ಲಿ ಪ್ಯಾನ್ ಆ್ಯಮ್ ಸಂಸ್ಥೆಯ ಇನ್ನೊಂದು ವಿಮಾನ ಸಾಗುತ್ತಿತ್ತು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ಮಾತ್ರ, ಆ ಪ್ಯಾನ್ ಆ್ಯಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಬಿಟ್ಟಿರಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು.

ಆ ಕ್ಯಾಪ್ಟನ್ ಒರಟರೆಂದೋ ಅಹಂಕಾರಿ ಎಂದೋ ಹೇಳಿ ಈ ಕಥೆ ಮುಗಿಸುವವರಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಫ್ಲೈಟ್ ಎಂಜಿನಿಯರ್‌ಗೆ ಸಂಶಯ ಬಂದಿತ್ತು, ಸರಿಯಾದ ಸಂಶಯವೇ. ಅದು ಪ್ರಶ್ನೆಯ ರೂಪದಲ್ಲಿ, ಮೆತ್ತಗೆ ಹೊರಬಂತು. ದೊಡ್ಡವರ ಒಂದೇ ಮಾತಿಗೆ ಅಲ್ಲೇ ನಿಂತುಹೋಯಿತು. ನಮ್ಮ ಥಿಯೇಟರುಗಳಲ್ಲಿ ಇದನ್ನು ಯಾರು ಕೇಳಿಲ್ಲ? "ಸರ್, ಬಿಪಿ ಸ್ವಲ್ಪ..." ಎಂದು ಅರ್ಧಕ್ಕೇ ನಿಲ್ಲುವ ಮಾತು. "ಮೇಡಂ, ಬಲಗಡೆ ಅಲ್ವಾ?" ಎಂದು ಮಾಸ್ಕಿನೊಳಗೇ ಕರಗುವ ಮಾತು. ಹಿರಿಯರ ಮುಂದೆ ತಗ್ಗಿ ಮಾತಾಡುವುದನ್ನು ಮನೆಯಲ್ಲಿ ಕಲಿತು ಬಂದ ಹುಡುಗಿಗೆ, ಕೆಲಸಕ್ಕೆ ಸೇರಿದ ಮೂರನೇ ವಾರದಲ್ಲಿ ಪ್ರೊಫೆಸರರನ್ನು ತಡೆದು ನಿಲ್ಲಿಸು ಎಂದರೆ ಅದು ತಾನಾಗಿ ಬರುವುದಿಲ್ಲ. ಬರುವಂತೆ ಮಾಡುವುದು ಆ ಪ್ರೊಫೆಸರರ ಕೆಲಸ.

ಎಲ್ಲ ಅನಾಹುತವೂ ಸರ್ವಾಧಿಕಾರದಿಂದಲೇ ಆಗುತ್ತದೆ ಎಂದುಕೊಂಡರೆ ಇನ್ನೊಂದು ಗುಂಡಿಗೆ ಬೀಳುತ್ತೇವೆ. ಅರಿವಳಿಕೆ ಕಲಿಯುವವರಿಗೆ ನಾನು ಮತ್ತೆ ಮತ್ತೆ ಹೇಳುವ ಪ್ರಕರಣ ಅಂಥದ್ದು. 2005ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ 37 ವರ್ಷದ ತಾಯಿ ಸೈನಸ್ ಶಸ್ತ್ರಚಿಕಿತ್ಸೆಗೆ ಬಂದರು. ದಿನನಿತ್ಯದ ಆಪರೇಷನ್. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟದ ದಾರಿ ಸಿಗಲಿಲ್ಲ. ಮಾಸ್ಕಿನಿಂದ ಗಾಳಿ ಹೋಗಲಿಲ್ಲ, ಟ್ಯೂಬೂ ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ: ಕುತ್ತಿಗೆಯ ಮುಂಭಾಗದಲ್ಲಿ ಕೊಯ್ದು ಶ್ವಾಸನಾಳಕ್ಕೆ ನೇರವಾಗಿ ಆಮ್ಲಜನಕ ಕೊಡುವುದು. ಕೋಣೆಯಲ್ಲಿ ಮೂವರು ಹಿರಿಯ ತಜ್ಞರಿದ್ದರು, ದೀರ್ಘ ಅನುಭವದವರು. ಮೂವರೂ ಟ್ಯೂಬ್ ಹಾಕುವ ಪ್ರಯತ್ನದಲ್ಲಿ ಮುಳುಗಿದರು. ಒಬ್ಬ ನರ್ಸ್ ಹಾಗೆ ಕೊಯ್ಯಲು ಬೇಕಾದ ಟ್ರೇಕಿಯಾಸ್ಟಮಿ ಸೆಟ್ ತಂದು, ಇಲ್ಲಿದೆ ಎಂದು ಹೇಳಿದರು. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಹಾಸಿಗೆ ಕಾಯ್ದಿರಿಸಿ ಬಂದು ತಿಳಿಸಿದರು. ಇಷ್ಟೆಲ್ಲ ಯಾಕೆ ಎನ್ನುವಂತೆ ಎಲ್ಲರೂ ನೋಡಿದರೆಂದು ಅನ್ನಿಸಿ, ವಾಪಸು ಹೋಗಿ ಆ ಹಾಸಿಗೆಯನ್ನು ರದ್ದು ಮಾಡಿದರು. ಎಲೇನ್‌ಗೆ ಪ್ರಜ್ಞೆ ಮರಳಲಿಲ್ಲ. 13 ದಿನಗಳ ನಂತರ ತೀರಿಕೊಂಡರು.

ಆ ಕೋಣೆಯಲ್ಲಿ ಯಾರೂ ಯಾರ ಮೇಲೂ ದರ್ಪ ತೋರಿರಲಿಲ್ಲ. ಅಲ್ಲಿ ನಾಯಕನೇ ಇರಲಿಲ್ಲ. ಮೂವರು ಸಮಾನ ಹಿರಿಯರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಕೈಗೆ ಗೌರವ ಕೊಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ಗಡಿಯಾರವನ್ನೂ ಮಾನಿಟರನ್ನೂ ಒಟ್ಟಿಗೆ ನೋಡುವವರು ಇಲ್ಲವಾದರು. ಏನು ಮಾಡಬೇಕೆಂದು ಗೊತ್ತಿದ್ದ ನರ್ಸ್‌ಗಳಿಗೆ ಅದನ್ನು ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಎಲೇನ್ ಅವರ ಪತಿ ಮಾರ್ಟಿನ್ ಬ್ರಾಮಿಲಿ ವಿಮಾನ ಚಾಲಕರು. ಯಾರ ಮೇಲೂ ಸೇಡು ಬಯಸದೆ, ಇದು ಹೇಗೆ ಆಯಿತು ಎಂದಷ್ಟೇ ಕೇಳಿದರು. 2007ರಲ್ಲಿ ವೈದ್ಯಕೀಯ ತಂಡಗಳ ನಡವಳಿಕೆಯನ್ನು ಸುಧಾರಿಸಲು ಸಂಘಟನೆಯೊಂದನ್ನು ಕಟ್ಟಿದರು. ಆ ಮನುಷ್ಯನ ಬಗ್ಗೆ ನನಗಿರುವ ಗೌರವವನ್ನು ಇಲ್ಲಿ ಹೇಳಿಯೇ ಮುಂದುವರಿಯಬೇಕು.

ಮೂರನೆಯದು 1989ರ ಜುಲೈ 19ರದು. ಯುನೈಟೆಡ್ ಸಂಸ್ಥೆಯ ಡಿಸಿ-10 ವಿಮಾನ ಡೆನ್ವರ್‌ನಿಂದ ಷಿಕಾಗೋಗೆ ಹೊರಟಿತ್ತು. ಬಾಲದ ಎಂಜಿನ್ ಒಡೆದು ಅದರ ಚೂರುಗಳು ವಿಮಾನವನ್ನು ತಿರುಗಿಸಲು ಬೇಕಾದ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. ರೆಕ್ಕೆಯ ಪಟ್ಟಿಗಳು, ಚುಕ್ಕಾಣಿ ಯಾವುದೂ ಕೇಳುತ್ತಿಲ್ಲ. ಇದಕ್ಕೆ ಕೈಪಿಡಿಯಲ್ಲಿ ಉತ್ತರವೇ ಇರಲಿಲ್ಲ. ಪ್ರಯಾಣಿಕರಾಗಿ ಕೂತಿದ್ದ ಡಿಸಿ-10 ತರಬೇತುದಾರ ಡೆನ್ನಿಸ್ ಫಿಚ್, ನೆರವಾಗಲೇ ಎಂದು ಹೇಳಿಕಳಿಸಿದರು. ಕ್ಯಾಪ್ಟನ್ ಅಲ್ ಹೇನ್ಸ್ ಅವರನ್ನು ಒಳಗೆ ಕರೆದು, ಉಳಿದ ಎರಡು ಎಂಜಿನ್‌ಗಳ ಥ್ರಾಟಲ್ (ವೇಗ ಹೆಚ್ಚುಕಡಿಮೆ ಮಾಡುವ ಹಿಡಿ) ಕೈಗೆ ಕೊಟ್ಟರು. ಎಂಜಿನ್ ಒಡೆದಲ್ಲಿಂದ ಸುಮಾರು 44 ನಿಮಿಷ ಕಾಕ್‌ಪಿಟ್‌ನಲ್ಲಿದ್ದವರು ಮಾತಾಡುತ್ತಲೇ ಇದ್ದರು. ಸೂ ಸಿಟಿಯಲ್ಲಿ ವಿಮಾನ ಅಪ್ಪಳಿಸಿತು. ಆದರೂ 296 ಮಂದಿಯಲ್ಲಿ 184 ಮಂದಿ ಬದುಕಿದರು. ಕ್ಯಾಪ್ಟನ್ ಹೇಳಿದ್ದೇ ಕೊನೆ ಎಂಬ ಹಳೆಯ ಕಾಲದ ಪದ್ಧತಿಯಲ್ಲಿದ್ದರೆ ಅಷ್ಟೂ ಜನ ಉಳಿಯುತ್ತಿರಲಿಲ್ಲ ಎಂಬರ್ಥದ ಮಾತನ್ನು ಹೇನ್ಸ್ ನಂತರ ಅನೇಕ ಭಾಷಣಗಳಲ್ಲಿ ಹೇಳಿದರು. ಅವರ ಸಂಸ್ಥೆ 1981ರಿಂದಲೇ ಕಾಕ್‌ಪಿಟ್ ಸಿಬ್ಬಂದಿಗೆ ಹೀಗೆ ಕೂಡಿ ಕೆಲಸ ಮಾಡುವ ತರಬೇತಿ ಕೊಡುತ್ತಿತ್ತು.

ಹೇನ್ಸ್ ಎಲ್ಲರನ್ನೂ ಕೇಳಿದರು, ಥ್ರಾಟಲನ್ನೇ ಬೇರೆಯವರ ಕೈಗೆ ಕೊಟ್ಟರು, ಆದರೆ ಕ್ಯಾಪ್ಟನ್ ಜಾಗ ಬಿಡಲಿಲ್ಲ. ಕೇಳುವುದಕ್ಕೂ ಕೈಬಿಡುವುದಕ್ಕೂ ಇರುವ ಈ ವ್ಯತ್ಯಾಸ ಬಹಳ ಜನಕ್ಕೆ ಗೊಂದಲ ಉಂಟುಮಾಡುತ್ತದೆ. ಎಲ್ಲರನ್ನೂ ಕೇಳುವ ಹೆಡ್ ಆಫ್ ಡಿಪಾರ್ಟ್‌ಮೆಂಟ್ ದುರ್ಬಲ ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಇದೆ. ಅದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಂಥ ಕಡೆ ಎಲ್ಲರೂ ಉದ್ಧರಿಸುತ್ತಾರೆ. ಅದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಅಂಶ: ಆಜ್ಞೆ ಮಾಡುವ ನಾಯಕ ಕೋಣೆಯಿಂದ ಹೊರಗೆ ಹೋದೊಡನೆ ಆ ಗುಂಪಿನ ಕೆಲಸ ಕುಸಿಯಿತು, ಕೂಡಿ ನಿರ್ಧರಿಸಿದ ಗುಂಪಿನದು ಮುಂದುವರಿಯಿತು. ರಾತ್ರಿ ಪಾಳಿಯಲ್ಲಿ ವಾರ್ಡ್ ಹೇಗೆ ನಡೆಯುತ್ತದೆ ಎಂದು ನೋಡಿದರೆ ಹಗಲಿನ ಮುಖ್ಯಸ್ಥರು ಎಂಥವರೆಂದು ಗೊತ್ತಾಗುತ್ತದೆ.

ಇನ್ನು ನಮ್ಮ ಕೋಣೆಗೆ ಬರೋಣ. ಕತ್ತಿ ಮುಟ್ಟುವ ಮೊದಲಿನ ಹೊತ್ತು ಕೇಳುವ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಶಸ್ತ್ರಚಿಕಿತ್ಸೆ ಸುರಕ್ಷತಾ ಪಟ್ಟಿಯಲ್ಲಿ, ಕೊಯ್ಯುವ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂದಿದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿ ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಇದೇ ಬಗೆಯ ಪಟ್ಟಿ ಜಾರಿಯಾದಾಗ ಗಮನಾರ್ಹ ಬದಲಾವಣೆ ಕಾಣಲಿಲ್ಲ ಎಂದು 2014ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ವಿದ್ವಾಂಸರು ಇದರ ಬಗ್ಗೆ ವಾದಿಸುತ್ತಿದ್ದಾರೆ. ನನ್ನ ಓದು ಇದು: ಸರ್ಜನ್ ಕೈ ನಿಲ್ಲಿಸಿ, ತಲೆ ಎತ್ತಿ, ಸಿಸ್ಟರ್ ಓದುವುದನ್ನು ಕೇಳಿದರೆ ಆ ಕಾಗದಕ್ಕೆ ಜೀವ ಬರುತ್ತದೆ. ಆಪರೇಷನ್ ಮುಗಿದ ಮೇಲೆ ಒಟ್ಟಿಗೇ ಟಿಕ್ ಹಾಕುವ ಕಡೆ ಅದು ಫೈಲಿಗೆ ಸೇರುವ ಇನ್ನೊಂದು ಹಾಳೆ.

ಹೊಟ್ಟೆ ಮುಚ್ಚುವ ಮೊದಲಿನ ಹೊತ್ತು ಬಿಟ್ಟುಕೊಡುವ ಹೊತ್ತು. ಮಾಪ್ (ರಕ್ತ ಒರೆಸುವ ಬಟ್ಟೆ), ಗಾಜ್, ಸೂಜಿ ಎಲ್ಲದರ ಲೆಕ್ಕ, ಸರ್ಜನ್‌ಗೆ ಉಪಕರಣ ಕೊಡುವ ಸ್ಕ್ರಬ್ ಸಿಸ್ಟರ್‌ದು. "ಒಂದು ಮಾಪ್ ಕಮ್ಮಿ ಇದೆ ಸರ್" ಎಂದರೆ ಹೊಲಿಗೆ ನಿಲ್ಲಬೇಕು. ಆ ಕೆಲವು ನಿಮಿಷ ಥಿಯೇಟರಿನ ನಾಯಕಿ ಅವರೇ. "ನಾನು ನೋಡಿದ್ದೀನಿ, ಒಳಗೆ ಏನೂ ಇಲ್ಲ" ಎಂದು ಸರ್ಜನ್ ಅದನ್ನು ತಳ್ಳಿಹಾಕಿದರೆ ಒಪ್ಪಿಸಿದ ಅಧಿಕಾರವನ್ನು ಕಸಿದುಕೊಂಡ ಹಾಗೆ. ನಾನು ಕಂಡ ಒಳ್ಳೆಯ ಸರ್ಜನ್‌ಗಳು ಗೊಣಗುವುದೂ ಇಲ್ಲ. ಮತ್ತೆ ಹುಡುಕುತ್ತಾರೆ, ಸಿಗದಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ.

ಆಜ್ಞೆಯ ಹೊತ್ತು ಬೇರೆ. ಹೆರಿಗೆಯ ನಂತರ ರಕ್ತ ಹರಿಯುತ್ತಿದೆ, ಗರ್ಭಕೋಶ ಗಟ್ಟಿಯಾಗುತ್ತಿಲ್ಲ. ಅಲ್ಲಿ ಚರ್ಚೆಗೆ ಜಾಗವಿಲ್ಲ. ರಕ್ತಸ್ರಾವ ತಗ್ಗಿಸುವ ಔಷಧಿ ಟ್ರಾನೆಕ್ಸಾಮಿಕ್ ಆ್ಯಸಿಡ್ ಹೆರಿಗೆಯಾದ 3 ಗಂಟೆಯೊಳಗೆ ಹೋಗಬೇಕು, ತಡವಾದಷ್ಟೂ ಅದರ ಫಲ ಕಡಿಮೆ. ಇಂಥಲ್ಲಿ "ಯಾರಾದರೂ ಬ್ಲಡ್ ತನ್ನಿ" ಎಂದು ಕೂಗುವುದು ಆಜ್ಞೆಯಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಬ್ರದರ್, ನೀವು ಬ್ಲಡ್ ಬ್ಯಾಂಕಿಗೆ ಹೋಗಿ, ನಾಲ್ಕು ಯೂನಿಟ್. ಸಿಕ್ಕ ತಕ್ಷಣ ಅಲ್ಲಿಂದಲೇ ಫೋನ್ ಮಾಡಿ." ಅವರು ಅದನ್ನೇ ತಿರುಗಿ ಹೇಳಬೇಕು: "ನಾಲ್ಕು ಯೂನಿಟ್, ಫೋನ್ ಮಾಡ್ತೀನಿ ಮೇಡಂ." ಹೃದಯ ನಿಂತಾಗಲೂ ಇದೇ ಕ್ರಮ. ಎದೆ ಒತ್ತುವವರನ್ನು ಎರಡು ನಿಮಿಷಕ್ಕೊಮ್ಮೆ ಬದಲಿಸಬೇಕು, ಅಡ್ರಿನಾಲಿನ್ 3ರಿಂದ 5 ನಿಮಿಷಕ್ಕೊಮ್ಮೆ ಹೋಗಬೇಕು. ತಂಡದಲ್ಲಿ ಸಾಕಷ್ಟು ಕೈಗಳಿದ್ದರೆ ಮುಂದಾಳು ಹಾಸಿಗೆಯ ಕಾಲಕಡೆ ನಿಂತು ತನ್ನ ಕೈ ಖಾಲಿ ಇಟ್ಟುಕೊಳ್ಳಬೇಕು. ಎಲೇನ್ ಅವರ ಕೋಣೆಯಲ್ಲಿ ಇಲ್ಲದೆ ಹೋದ ಜಾಗ ಅದೇ. ಆಜ್ಞೆ ಕೊಡುವಾಗಲೂ ನಡುನಡುವೆ "ಏನಾದರೂ ಬಿಟ್ಟುಹೋಗ್ತಿದೆಯಾ?" ಎಂದು ಎಲ್ಲರನ್ನೂ ಒಮ್ಮೆ ಕೇಳಬೇಕು. ಉತ್ತರ ಹೇಳಲು ಐದು ಸೆಕೆಂಡ್ ಸಾಕು.

ಒಂದು ರೀತಿಯಿಂದ ಇನ್ನೊಂದಕ್ಕೆ ಹೋಗುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು. "ಈಗಿಂದ ನಾನು ಲೀಡ್ ಮಾಡ್ತೀನಿ, ಡಾಕ್ಟರ್, ನೀವು ಹೊಲಿಗೆ ನೋಡ್ಕೊಳ್ಳಿ." ಇದನ್ನು ಹೇಳಲು ನಾಚುವವರನ್ನು ಬಹಳ ನೋಡಿದ್ದೇನೆ. ಹಿರಿಯರೆದುರು ಸೊಕ್ಕಿನ ಮಾತಾದೀತೆಂಬ ಅಳುಕು. ಆದರೆ ಹೇಳದೆ ಹೋದರೆ ಅರ್ಧ ತಂಡ ಇನ್ನೂ ಚರ್ಚೆಯಲ್ಲಿರುತ್ತದೆ, ಇನ್ನರ್ಧ ಆಜ್ಞೆಗೆ ಕಾಯುತ್ತಿರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು, ಕಿರಿಯರು ತಪ್ಪು ಎಚ್ಚರಿಕೆ ಕೊಟ್ಟಾಗ ನಾವು ಏನನ್ನುತ್ತೇವೆ ಎಂಬುದು. ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಮಟ್ಟ) ಬಿದ್ದಿದೆ ಎಂದು ಹೊಸ ಸಿಸ್ಟರ್ ಗಾಬರಿಯಿಂದ ಕೂಗುತ್ತಾರೆ. ನೋಡಿದರೆ ಬೆರಳಿನ ಪ್ರೋಬ್ ಜಾರಿದೆ, ಅಷ್ಟೇ. "ಅಷ್ಟೂ ಗೊತ್ತಾಗಲ್ವಾ?" ಎಂದರೆ ಅವರು ಮುಂದಿನ ಸಲ ಕೂಗುವುದಿಲ್ಲ. ಆ ಮುಂದಿನ ಸಲ ಪ್ರೋಬ್ ಜಾಗದಲ್ಲೇ ಇರಬಹುದು. "ಹೇಳಿದ್ದು ಒಳ್ಳೇದಾಯ್ತು, ಪ್ರೋಬ್ ಸರಿಮಾಡಿ" ಎನ್ನಲು ಒಂದು ಉಸಿರು ಸಾಕು. ಸರಿಯಾದದ್ದನ್ನು ಹೇಳಿದವರನ್ನು ಹೊಗಳುವುದು ಸುಲಭ. ತಪ್ಪಾಗಿ ಹೇಳಿದವರಿಗೆ ಮರ್ಯಾದೆ ಕೊಡುವಲ್ಲೇ ತಂಡ ಕಟ್ಟಿಕೊಳ್ಳುತ್ತದೆ.

ಸಣ್ಣ ಊರುಗಳಲ್ಲಿ ಇದೆಲ್ಲ ಇನ್ನೂ ಬಿಕ್ಕಟ್ಟಿನದು. ನಮ್ಮ ಜಿಲ್ಲೆ, ತಾಲ್ಲೂಕುಗಳಲ್ಲಿ ಅರಿವಳಿಕೆ ವೈದ್ಯರು ಒಂದೇ ದಿನ ಎರಡು ಮೂರು ನರ್ಸಿಂಗ್ ಹೋಮ್‌ಗಳಿಗೆ ಓಡಾಡುತ್ತಾರೆ. ಪ್ರತಿ ಕಡೆ ಬೇರೆ ಸರ್ಜನ್, ಬೇರೆ ಸಿಸ್ಟರ್, ಎಮರ್ಜೆನ್ಸಿ ಔಷಧಿಗೆ ಬೇರೆ ಕಪಾಟು. ವರ್ಷಗಟ್ಟಲೆ ಕೂಡಿ ಹಾರಿದ ತಂಡದ ನಂಬಿಕೆ ಅಲ್ಲಿ ಇರುವುದಿಲ್ಲ, ಅದನ್ನು ಹತ್ತು ನಿಮಿಷದಲ್ಲಿ ಕಟ್ಟಬೇಕು. ನಾನು ಮೊದಲು ಹೆಸರು ಕೇಳುತ್ತೇನೆ. ಆಮೇಲೆ ಒಂದು ನಿಶ್ಚಿತ ಕೆಲಸ ಒಪ್ಪಿಸುತ್ತೇನೆ: "ಸ್ಯಾಚುರೇಷನ್ 94ಕ್ಕಿಂತ ಕೆಳಗೆ ಹೋದರೆ, ನಾನು ಮಾನಿಟರನ್ನೇ ನೋಡ್ತಾ ಇದ್ದರೂ ಜೋರಾಗಿ ಹೇಳಿ." ಹೇಳಲು ಮೊದಲೇ ಅನುಮತಿ ಸಿಕ್ಕಿದ್ದರಿಂದ ಧೈರ್ಯವನ್ನು ಹುಡುಕಬೇಕಾಗುವುದಿಲ್ಲ. ಕಷ್ಟದ ಕೇಸ್ ಮುಗಿದ ಮೇಲೆ ರೋಗಿಯನ್ನು ರಿಕವರಿಗೆ ಸಾಗಿಸಿ ಅಲ್ಲೇ ನಿಂತು ಎರಡು ನಿಮಿಷ ಮಾತಾಡುತ್ತೇವೆ: ಏನು ಸರಿಹೋಯಿತು, ಎಲ್ಲಿ ತಡವಾಯಿತು. ಮೊದಲು ವಾರ್ಡ್ ಬಾಯ್, ಆಮೇಲೆ ಸಿಸ್ಟರ್, ಆಮೇಲೆ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಇದ್ದರೆ ಅವರು, ನಂತರ ನಾನು. ಸರ್ಜನ್ ಕೊನೆಗೆ. ಅವರು ಮೊದಲು ಮಾತಾಡಿದರೆ ಉಳಿದವರೆಲ್ಲ "ಹೌದು ಸರ್" ಎಂದುಬಿಡುತ್ತಾರೆ. ರಕ್ತ ತರಲು ಹೋದಾಗ ಲಿಫ್ಟ್ ಕೆಟ್ಟಿತ್ತು ಎಂಬಂಥ ಸಂಗತಿ ಯಾರಿಗೂ ತಿಳಿಯದೆ ಹೋಗುತ್ತದೆ.