ಎಡಗಡೆ ಉಸಿರು ಕೇಳಿಸುತ್ತಿದೆಯಾ?

ಜುಲೈ ತಿಂಗಳ ಮಡಿಕೇರಿ ಮಳೆ ಶೀಟಿನ ಮೇಲೆ ಬೀಳುವಾಗ, ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಕೇಳೋದು ಎಷ್ಟು ಕಷ್ಟ ಅಂತ ಅರಿವಳಿಕೆ ಕೊಡುವ ನಮಗೆ ಚೆನ್ನಾಗಿ ಗೊತ್ತು.

ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ದಿನ ಆರು ವರ್ಷದ ಹುಡುಗನೊಬ್ಬನಿಗೆ ಅಪೆಂಡಿಕ್ಸ್ ಆಪರೇಷನ್ ಇತ್ತು. ಉಸಿರಾಟಕ್ಕೆ ಬಾಯಿಂದ ಶ್ವಾಸನಾಳಕ್ಕೆ 5 ನಂಬರಿನ, ಕಫ್ (ತುದಿಯ ಹತ್ತಿರ ಸುತ್ತಲೂ ಗಾಳಿ ತುಂಬುವ ಪುಟ್ಟ ಬಲೂನು) ಇರುವ ಟ್ಯೂಬ್ ಹಾಕಿದೆ. ಎಷ್ಟು ಆಳ ಅನ್ನೋದಕ್ಕೆ ಒಂದು ಅಂದಾಜು ಲೆಕ್ಕ ಇದೆ, ವಯಸ್ಸಿನ ಅರ್ಧಕ್ಕೆ 12 ಸೇರಿಸಬೇಕು. ಇವನಿಗೆ ತುಟಿಯ ಹತ್ತಿರ 15 ಸೆಂಟಿಮೀಟರ್. ಎರಡೂ ಕಡೆ ಉಸಿರು ಕೇಳಿಸಿತು, ಪ್ಲಾಸ್ಟರ್ ಅಂಟಿಸಿದೆ. ಆಮೇಲೆ ಯಾರೋ ಅವನ ತಲೆಯಡಿ ಸ್ವಲ್ಪ ದಪ್ಪದ ದಿಂಬು ಇಟ್ಟರು, ಗದ್ದ ಎದೆ ಕಡೆ ಬಾಗಿತು. ನಾನು ಗಮನಿಸಲಿಲ್ಲ. ಹತ್ತು ನಿಮಿಷದಲ್ಲಿ ರಕ್ತದ ಆಕ್ಸಿಜನ್ ಮಟ್ಟ ಶೇ. 99ರಿಂದ 94ಕ್ಕೆ ಇಳಿಯಿತು.

ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ನೋಡಿದೆ, ಅಲೆ ಚೆನ್ನಾಗೇ ಬರುತ್ತಿತ್ತು. ಗೊಂದಲ ಆಗೋದು ಇಲ್ಲೇ. ಟ್ಯೂಬ್ ಅನ್ನನಾಳಕ್ಕೆ ಹೋಗದೆ ಶ್ವಾಸನಾಳದಲ್ಲೇ ಇದೆ ಅಂತ ಖಾತ್ರಿ ಮಾಡೋಕೆ ಆ ಅಲೆಗಿಂತ ಒಳ್ಳೆ ಸಾಕ್ಷಿ ಇಲ್ಲ. ಆದರೆ ಟ್ಯೂಬ್ ಕೆಳಗೆ ಜಾರಿ ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತಿದ್ದರೂ ಅಲೆ ಬರುತ್ತಲೇ ಇರುತ್ತದೆ. ಎಡ ಕಂಕುಳಲ್ಲಿ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳಿದೆ. ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ದಿಂಬು ತೆಗೆಸಿ, ಪ್ಲಾಸ್ಟರ್ ಬಿಡಿಸಿ, ಕಫ್ ಗಾಳಿ ಇಳಿಸಿ, ಟ್ಯೂಬನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆದೆ. ಎಡಗಡೆ ಉಸಿರು ಬಂತು. ಆಗ ನನ್ನ ಉಸಿರೂ ಬಂತು.

ಕತ್ತು ಮುಂದೆ ಬಾಗಿದರೆ ಟ್ಯೂಬಿನ ತುದಿ ಕೆಳಗೆ ಹೋಗುತ್ತದೆ, ಹಿಂದೆ ಬಾಗಿದರೆ ಮೇಲೆ ಬರುತ್ತದೆ. ದೊಡ್ಡವರಲ್ಲಿ ಇದು ಅಷ್ಟು ಕಾಡೋದಿಲ್ಲ, ಅವರ ಶ್ವಾಸನಾಳ 10-12 ಸೆಂಟಿಮೀಟರ್ ಉದ್ದ ಇರುತ್ತದೆ. ಆಗಷ್ಟೇ ಹುಟ್ಟಿದ ಮಗುವಿನದ್ದು ಬರೀ 4-5. ಅಲ್ಲಿ ಅರ್ಧ ಸೆಂಟಿಮೀಟರ್ ಕೂಡ ತುಂಬಾ ಜಾಸ್ತಿ! ಶ್ವಾಸನಾಳ ಕೆಳಗೆ ಎರಡು ಕವಲಾಗಿ ಒಂದೊಂದು ಶ್ವಾಸಕೋಶಕ್ಕೆ ಹೋಗುತ್ತದೆ; ಬಲಗಡೆಯ ಕವಲು ಹೆಚ್ಚು ನೇರ ಇರೋದರಿಂದ ಜಾರಿದ ಟ್ಯೂಬ್ ಸಾಮಾನ್ಯವಾಗಿ ಅದಕ್ಕೇ ಹೊಕ್ಕುತ್ತದೆ. ಮಕ್ಕಳ ಎದೆ ಚಿಕ್ಕದು, ಒಂದು ಕಡೆಯ ಸದ್ದು ಇನ್ನೊಂದು ಕಡೆಗೂ ಹರಡುತ್ತದೆ. ಅದಕ್ಕೇ ಎದೆಯ ಮಧ್ಯೆ ಕೇಳಿ ಸುಮ್ನೆ ಇದ್ದರೆ ಸಾಲದು, ಎರಡೂ ಕಂಕುಳಲ್ಲಿ ಕೇಳಬೇಕು.

ಅವತ್ತಿನಿಂದ ಮಗುವಿನ ತಲೆಯನ್ನು ಯಾರು ಮುಟ್ಟಿದರೂ, ದಿಂಬು ಬದಲಾದರೂ, ಮಗ್ಗುಲು ತಿರುಗಿಸಿದರೂ ಮತ್ತೆ ಕೇಳುತ್ತೇನೆ. ಸರ್ಜನ್ ಕೈಯಲ್ಲಿ ಚಾಕು ಹಿಡಿದು ಕಾಯುತ್ತಿದ್ದರೂ ಸರಿ, ‘ಒಂದು ನಿಮಿಷ ಸರ್’ ಅಂತೀನಿ.