ಬಣ್ಣ ಮಾಸಿದ ಬಟ್ಟೆಯ ಕೌದಿ: ಮೂರು ಸಲ ಬಿಚ್ಚಿದ ಮೇಲೆ ಬರೆದ ಟಿಪ್ಪಣಿ

ತಂಗಿಯ ಮಗುವಿಗೆ ತೊಟ್ಟಿಲ ಕೌದಿ ಹೊಲಿಯುತ್ತಿದ್ದೇನೆ. ಇದು ನನ್ನ ಎರಡನೆಯ ಕೌದಿ. ಮೊದಲನೆಯದು ಹೇಗೋ ದಡ ಸೇರಿತು. ಅದರಲ್ಲಿ ಕುಂಕುಮದ ಕೆಂಪು, ಅರಿಸಿನದ ಹಳದಿ, ಗಿಳಿಹಸಿರು ಎಲ್ಲ ಇದ್ದವು, ಯಾವ ತುಂಡನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಈ ಸಲ ಹಳೆಬಟ್ಟೆಯ ಗಂಟು ಬಿಚ್ಚಿದಾಗ ಸಿಕ್ಕಿದ್ದು ಅಜ್ಜನ ಪಂಚೆಗಳು, ಅವ್ವನ ವಾಯಿಲ್ ಸೀರೆಗಳು, ಎಂದೋ ತಂದಿಟ್ಟ, ಬಿಳುಪು ಮಾಡದ ಕೋರಾ ಬಟ್ಟೆ, ಒಗೆದೊಗೆದು ಹಸಿರೋ ನೀಲಿಯೋ ತಿಳಿಯದಂತಾದ ಒಂದು ಲಂಗ. ಎಲ್ಲವೂ ಮೆತ್ತಗೆ, ಎಲ್ಲವೂ ತಿಳಿ. ಎಳೆಗೂಸಿಗೆ ಹಳೆಯ ಬಟ್ಟೆಯೇ ಆಗಬೇಕು, ಹೊಸದು ಚುಚ್ಚುತ್ತದೆ ಎನ್ನುವ ಮನೆ ನಮ್ಮದು. ಹಾಗಾಗಿ ಅಂಗಡಿಗೆ ಹೋಗುವ ಮಾತೇ ಇರಲಿಲ್ಲ.

ಮೂರು ಸಲ ತುಂಡುಗಳನ್ನು ಕೂಡಿಸಿದೆ, ಮೂರು ಸಲ ಬಿಚ್ಚಿದೆ. ಏಕೆ ಬಿಚ್ಚಬೇಕಾಯಿತು ಎನ್ನುವುದು ಮೊನ್ನೆಯಷ್ಟೇ ಹೊಳೆದಿದೆ. ಮರೆಯುವ ಮೊದಲು ಬರೆದಿಡುತ್ತೇನೆ. ಸಾದಾ ಹೊಲಿಗೆ ಹೇಗೆ, ಅಂಚು ಹೇಗೆ ಮಡಿಚಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಯಾರಾದರೂ ಹಿರಿಯರ ಪಕ್ಕದಲ್ಲಿ ಅರ್ಧ ಗಂಟೆ ಕೂತರೆ ಅದು ಬಂದುಬಿಡುತ್ತದೆ.

ಅಳತೆ, ಬೇಗ ಬೇಗ

ತೊಟ್ಟಿಲ ಕೌದಿ 36 ಇಂಚು ಅಗಲ, 44 ಇಂಚು ಉದ್ದ. ಅಡಿಗೆ ಒಂದು ಹಳೆಯ ಹತ್ತಿ ಸೀರೆ. ಸುಮಾರು ಐದು ಮೀಟರಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ಈ ಅಳತೆಗೆ ಸಾಕಾಗಿ ಅಂಚಿಗೂ ಸ್ವಲ್ಪ ಉಳಿಯುತ್ತದೆ. ಮೇಲಿನ ತುಂಡುಗಳು ನಾಲ್ಕರಿಂದ ಆರು ಇಂಚು, ಪ್ರತಿ ಬದಿಗೂ ಒಳಮಡಿಕೆಗೆ ಕಾಲು ಇಂಚು ಹೆಚ್ಚಿಗೆ. ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತ ಬರುತ್ತಾ ನಡುವಿಗೆ ಹೋಗುವ ಪದ್ಧತಿ ನನ್ನದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕವಂದಿ ಎಂಬ ತಮ್ಮ ಕೌದಿ ಹೊಲಿಯುವುದೂ ಹೀಗೆಯೇ. ತುಂಡುಗಳನ್ನು ಮೊದಲೇ ಒಂದಕ್ಕೊಂದು ಕೂಡಿಸಿ ಹಾಳೆ ಮಾಡಿಕೊಳ್ಳುವುದಿಲ್ಲ. ನೇರ ಅಡಿಬಟ್ಟೆಯ ಮೇಲೆ ಇಟ್ಟು, ಅಂಚು ಮಡಿಚಿ, ಎಲ್ಲ ಪದರಗಳನ್ನೂ ಸೇರಿಸಿ ಹೊಲಿಯುತ್ತಾ ಹೋಗುವುದು.

ನಾನು ಎಡವಿದ ಜಾಗ

ಮೊದಲ ಜೋಡಣೆಯಲ್ಲಿ ತಿಳಿ ಗುಲಾಬಿಯ ಪಕ್ಕ ಪಿಸ್ತಾ ಹಸಿರು ಇಟ್ಟೆ. ಕೈಯಲ್ಲಿ ಹಿಡಿದಾಗ ಎರಡೂ ಬೇರೆ ಬೇರೆ ಎಂದು ಸ್ಪಷ್ಟವಾಗಿತ್ತು. ಹೊಲಿದು ಮಂಚದ ಮೇಲೆ ಹಾಸಿ ಬಾಗಿಲಲ್ಲಿ ನಿಂತು ನೋಡಿದರೆ ಎರಡರ ನಡುವಿನ ಗೆರೆಯೇ ಇಲ್ಲ, ಒಂದೇ ದೊಡ್ಡ ಮಸುಕು. ಅದೇ ಸಾಲಿನಲ್ಲಿ ಆ ಲಂಗದ ತುಂಡೊಂದಿತ್ತು. ‘ಎಲ್ಲವೂ ಮಾಸಿದ್ದೇ ತಾನೆ’ ಎಂದು ಇಟ್ಟಿದ್ದೆ. ಅದು ಮಾತ್ರ ಹಲ್ಲು ಬಿದ್ದ ಬಾಯಿಯಂತೆ ಕಪ್ಪಗೆ ಕಾಣುತ್ತಿತ್ತು.

ಬಣ್ಣ ಬೇರೆ, ಗಾಢತೆ ಬೇರೆ. ಇದನ್ನು ಓದಿದರೆ ‘ಅದರಲ್ಲೇನಿದೆ’ ಅನ್ನಿಸುತ್ತದೆ; ನನಗೂ ಅನ್ನಿಸಿತ್ತು. ಆದರೆ ನಮ್ಮ ಕಣ್ಣು ಪಳಗಿರುವುದು ಮ್ಯಾಚಿಂಗ್ ಸೆಂಟರಿನಲ್ಲಿ. ಸೀರೆಯ ಸೆರಗನ್ನು ಕೌಂಟರಿನ ಮೇಲೆ ಹರಡಿ ‘ಇದಕ್ಕೆ ಕಾಂಟ್ರಾಸ್ಟ್ ರವಿಕೆ ತೋರಿಸಿ’ ಎಂದರೆ ಅಂಗಡಿಯವರು ಬೇರೆ ಬಣ್ಣ ತೆಗೆಯುತ್ತಾರೆ: ಹಸಿರಿಗೆ ಕೆಂಪು, ನೀಲಿಗೆ ಹಳದಿ. ಅಲ್ಲಿ ಕಾಂಟ್ರಾಸ್ಟ್ ಎಂದರೆ ಬಣ್ಣದ ಹೆಸರು ಬದಲಾಗುವುದು. ಕೌದಿಯಲ್ಲಿ ದೂರದಿಂದ ಗೆರೆ ಕಾಣುವುದಕ್ಕೆ ಹೆಸರು ಬದಲಾದರೆ ಸಾಲದು, ಒಂದು ತಿಳಿಯಾಗಿ ಇನ್ನೊಂದು ಗಾಢವಾಗಿ ಇರಬೇಕು. ಗುಲಾಬಿಗೂ ಪಿಸ್ತಾಕ್ಕೂ ಹೆಸರು ಬೇರೆ, ಗಾಢತೆ ಒಂದೇ. ಲಂಗಕ್ಕೂ ಪಿಸ್ತಾಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ, ಗಾಢತೆಯಲ್ಲಿ ಅಜಗಜಾಂತರ.

ಇದರಿಂದ ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಯಿತು. ಮೆಲುದನಿಯ ಕೌದಿ, ಅಂದರೆ ಯಾವ ತುಂಡೂ ಎದ್ದು ಕೂಗದ ಕೌದಿ, ತಿಳಿಬಣ್ಣದ್ದೇ ಆಗಿರಬೇಕು ಎಂದುಕೊಂಡಿದ್ದೆ. ಹಾಗಲ್ಲ. ಕಡುನೀಲಿ, ಕಾಫಿಬೀಜದ ಕಂದು, ಬದನೆಕಾಯಿ ಬಣ್ಣ ಮೂರನ್ನೇ ಸೇರಿಸಿ ಹೊಲಿದರೂ ಅದು ಮೆಲುದನಿಯದೇ, ಏಕೆಂದರೆ ಗಾಢತೆಯಲ್ಲಿ ಮೂರೂ ಒಂದೇ ಎತ್ತರದಲ್ಲಿ ನಿಂತಿವೆ.

ಮೊಬೈಲಿನ ಕಪ್ಪು-ಬಿಳುಪು ಫೋಟೊ

ಗಾಢತೆ ಅಳೆಯಲು ಸುಲಭದ ದಾರಿ ಕಣ್ಣನ್ನು ಅರೆಮುಚ್ಚಿ ನೋಡುವುದು. ನನ್ನ ಕನ್ನಡಕದ ಕಣ್ಣಿಗೆ ಅರೆಮುಚ್ಚಿದರೆ ಎಲ್ಲವೂ ಕಲಸುಮೇಲೋಗರ. ಹಾಗಾಗಿ ಮೊಬೈಲಿನಲ್ಲಿ ಫೋಟೊ ತೆಗೆದು ಬಣ್ಣ ತೆಗೆದುಹಾಕುವ ಉಪಾಯ ಹಿಡಿದೆ. ಉಪಾಯ ಸರಿ, ಮಾಡಿದ ರೀತಿ ತಪ್ಪು. ಮೂರು ದಿನ ಹಾಳಾದದ್ದು ಇಲ್ಲಿಯೇ.

ಏನು ಮಾಡಿದೆ ಎಂದರೆ, ಪ್ರತಿ ಬಟ್ಟೆಯನ್ನೂ ಬೇರೆ ಬೇರೆಯಾಗಿ, ಚೌಕಟ್ಟು ತುಂಬುವಂತೆ ಹತ್ತಿರದಿಂದ ತೆಗೆದೆ. ಹದಿನಾಲ್ಕು ಬಟ್ಟೆ, ಹದಿನಾಲ್ಕು ಫೋಟೊ. ಎಲ್ಲವನ್ನೂ ಕಪ್ಪು-ಬಿಳುಪು ಮಾಡಿ ಸಾಲಾಗಿಟ್ಟರೆ ಹದಿನಾಲ್ಕೂ ಒಂದೇ ಬೂದಿ! ಪಂಚೆಯೂ ಬೂದಿ, ಲಂಗವೂ ಬೂದಿ. ‘ಆಹಾ, ಎಲ್ಲ ಹೊಂದುತ್ತವೆ’ ಎಂದು ಎರಡನೆಯ ಸಲ ಹೊಲಿಗೆಗೆ ಕೂತೆ. ಮತ್ತೆ ಹಲ್ಲು ಬಿದ್ದ ಬಾಯಿ.

ಕಾರಣ ಹೀಗಿದೆ. ಎದುರಿಗಿರುವುದು ಪಂಚೆಯೋ ಲಂಗವೋ ಕ್ಯಾಮೆರಾ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬಂದ ಬೆಳಕಿನ ಸರಾಸರಿ ನೋಡಿ, ಚಿತ್ರ ತೀರಾ ಬೆಳ್ಳಗೂ ಆಗದೆ ತೀರಾ ಕಪ್ಪಗೂ ಆಗದೆ ನಡುಬೂದಿಯ ಆಸುಪಾಸಿಗೆ ಬರುವಂತೆ ತಾನೇ ಹೊಂದಿಸಿಕೊಳ್ಳುತ್ತದೆ. ಚೌಕಟ್ಟಿನ ತುಂಬ ಬಿಳಿ ಪಂಚೆಯೇ ಇದ್ದರೆ ಬೆಳಕು ಹೆಚ್ಚಾಯಿತೆಂದು ಕುಗ್ಗಿಸುತ್ತದೆ. ಕಪ್ಪುಬಟ್ಟೆಯೇ ಇದ್ದರೆ ಕಡಿಮೆಯಾಯಿತೆಂದು ಹಿಗ್ಗಿಸುತ್ತದೆ. ಎರಡೂ ನಡುವಿನ ಬೂದಿಗೆ ಬಂದು ಕೂರುತ್ತವೆ. ಬೇರೆ ಬೇರೆ ಫೋಟೊಗಳಲ್ಲಿರುವ ಗಾಢತೆಯನ್ನು ಹೋಲಿಸುವುದೆಂದರೆ, ಪ್ರತಿ ಸಲವೂ ಮುಳ್ಳನ್ನು ಸೊನ್ನೆಗೆ ತಿರುಗಿಸಿಕೊಳ್ಳುವ ತಕ್ಕಡಿಯಲ್ಲಿ ತೂಗಿದ ಹಾಗೆ.

ಆದ್ದರಿಂದ ಎಲ್ಲ ಬಟ್ಟೆಯೂ ಒಂದೇ ಫೋಟೊದಲ್ಲಿರಬೇಕು. ಒಂದೊಂದರ ಅಂಗೈಯಗಲದ ತುಂಡನ್ನು ಸಾಲಾಗಿಟ್ಟು, ಒಂದು ತುದಿಗೆ ಬಿಳಿ ಕರವಸ್ತ್ರ, ಇನ್ನೊಂದು ತುದಿಗೆ ಹಳೆಯ ಛತ್ರಿಯ ಕಪ್ಪುಬಟ್ಟೆ ಇಡುತ್ತೇನೆ. ಕರವಸ್ತ್ರಕ್ಕೆ 1, ಛತ್ರಿಗೆ 9. ನಡುವಿನವಕ್ಕೆ ಕಣ್ಣಂದಾಜಿನಲ್ಲಿ ಅಂಕ.

ಇಲ್ಲಿಯೂ ಒಂದು ಸಣ್ಣ ಮೋಸವಿದೆ. ಕಿಟಕಿಯ ಪಕ್ಕ ತೆಗೆದರೆ ಕಿಟಕಿಯ ಕಡೆಯವು ತಿಳಿಯಾಗಿಯೂ ಆಚೆಯವು ಗಾಢವಾಗಿಯೂ ಬರುತ್ತವೆ. ಈಗ ನಾನು ಮೋಡವಿರುವ ಹೊತ್ತಿನಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಹರಡಿ ಒಂದು ಫೋಟೊ, ಸಾಲನ್ನು ಹಿಂದುಮುಂದು ಮಾಡಿ ಇನ್ನೊಂದು ಫೋಟೊ ತೆಗೆಯುತ್ತೇನೆ. ಎರಡರಲ್ಲೂ ಅಂಕ ಒಂದೇ ಬಂದರೆ ನಂಬುತ್ತೇನೆ. ಓಣಿಯಲ್ಲಿ ಹೋಗುವವರು ‘ಬಟ್ಟೆ ಮಾರಾಟಕ್ಕಿದೆಯೇ’ ಎಂದು ಕೇಳುತ್ತಾರೆ, ಕೇಳಲಿ.

ಹೀಗೆ ಅಳೆದಾಗ ಹೆಚ್ಚಿನವು 2ರಿಂದ 4ರ ಒಳಗೆ ಬಂದವು. ಗುಲಾಬಿ 3, ಪಿಸ್ತಾ 3. ಆ ಲಂಗ 6. ತೀರಾ ಮಾಸಿದೆ ಎಂದು ನಾನು ಅಂದುಕೊಂಡದ್ದರ ಅಂಕ 6! ಮಾಸಿದ್ದು ಅದರ ಹೊಳಪು, ಗಾಢತೆಯಲ್ಲ. ಕಣ್ಣಿಗೆ ಮಂಕಾಗಿ ಕಂಡದ್ದನ್ನು ತಿಳಿ ಎಂದುಕೊಂಡುಬಿಟ್ಟಿದ್ದೆ. ಕಡುಗೆಂಪಿನಲ್ಲಿ ಇದೇ ಮೋಸ ತಿರುಗುಮುರುಗಾಗಿ ಆಗುತ್ತದೆ: ಕಣ್ಣಿಗೆ ಉರಿಯುವಂತೆ ಕಾಣುವುದರಿಂದ ತಿಳಿ ಅನ್ನಿಸುತ್ತದೆ, ಫೋಟೊದಲ್ಲಿ ಛತ್ರಿಯ ಹತ್ತಿರ ಹೋಗಿ ಕೂರುತ್ತದೆ.

ನನಗೆ ಸಿಕ್ಕಿದ ಲೆಕ್ಕ ಇಷ್ಟು. ಪಕ್ಕಪಕ್ಕದ ತುಂಡುಗಳ ನಡುವೆ ಒಂದು ಅಂಕದ ಅಂತರವಿದ್ದರೆ ಗೆರೆ ಮೆಲ್ಲಗೆ ಕಾಣುತ್ತದೆ. ಈ ಕೌದಿಗೆ ಬೇಕಾದದ್ದು ಅದೇ. ಎರಡಾದರೆ ಗೆರೆ ಸ್ಪಷ್ಟ. ಮೂರಾದರೆ ಆ ತುಂಡೊಂದೇ ಕೌದಿಯೆಲ್ಲವನ್ನೂ ಆಳುತ್ತದೆ.

ಹಾಗಾದರೆ ಲಂಗವನ್ನು ಬಿಟ್ಟುಬಿಡುವುದೇ? ಅದು ತಂಗಿ ಚಿಕ್ಕವಳಿದ್ದಾಗಿನ ಲಂಗ, ಬಿಡುವಂತಿಲ್ಲ. ದೊಡ್ಡವ್ವ ಬಂದು ನೋಡಿದಳು. ಅವಳಿಗೆ ಅಂಕವೂ ಬೇಡ, ಮೊಬೈಲೂ ಬೇಡ. ತುಂಡನ್ನು ಕೈಗೆತ್ತಿಕೊಂಡು ಮಗುಚಿ ಇಟ್ಟಳು, ಅಷ್ಟೆ. ಅಚ್ಚು ಹಾಕಿದ ಬಟ್ಟೆಯ ಹಿಂಬದಿ ಮುಂಬದಿಗಿಂತ ಒಂದೆರಡು ಅಂಕ ತಿಳಿಯಾಗಿರುತ್ತದೆ! ನನ್ನ ಫೋಟೊದಲ್ಲಿ ಅದು 4ಕ್ಕೆ ಬಂತು. ‘ಹಿಂದೆ ಮುಂದೆ ನೋಡದೆ ಹೊಲಿಯುತ್ತಾರೆಯೇ?’ ಎಂದು ದೊಡ್ಡವ್ವ ಅಂದ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಂದಿನಿಂದ ಪ್ರತಿ ಅಚ್ಚುಬಟ್ಟೆಯನ್ನೂ ಎರಡು ಬಟ್ಟೆ ಎಂದೇ ಎಣಿಸುತ್ತಿದ್ದೇನೆ. ನೂಲಿಗೇ ಬಣ್ಣ ಹಾಕಿ ನೇಯ್ದ ಚೌಕುಳಿಯಂಥವುಗಳಲ್ಲಿ ಇದು ನಡೆಯುವುದಿಲ್ಲ, ಎರಡೂ ಬದಿ ಒಂದೇ ಇರುತ್ತದೆ.

ಬಿಳಿಯೂ ಒಂದೇ ಅಲ್ಲ

ಪಂಚೆ ಬಿಳಿ, ಕೋರಾ ಬಟ್ಟೆಯೂ ಹೆಚ್ಚುಕಡಿಮೆ ಬಿಳಿ ಎಂದು ಮೂರನೆಯ ಜೋಡಣೆಯಲ್ಲಿ ಪಕ್ಕಪಕ್ಕ ಇಟ್ಟೆ. ಪಂಚೆ ವರ್ಷಗಟ್ಟಲೆ ನೀಲಿ ಕುಡಿದದ್ದು. ಕೋರಾದ ಪಕ್ಕ ಅದು ಆಸ್ಪತ್ರೆಯ ಗೋಡೆಯಂತೆ ತಣ್ಣಗೆ ಕಂಡಿತು. ಪಂಚೆಯ ಪಕ್ಕ ಕೋರಾ ಕೊಳೆಯಾದಂತೆ ಕಂಡಿತು. ಎರಡೂ ಬೇರೆ ಬೇರೆ ಇದ್ದಾಗ ಚೆನ್ನಾಗಿಯೇ ಇದ್ದವು.

ಇದು ಹಳೆಯ ಕತೆಯಂತೆ. ಪ್ಯಾರಿಸ್ಸಿನ ಗೊಬ್ಲೆನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರುಲ್ ಮುಂದೆ ಕಪ್ಪು ನೂಲು ಸರಿಯಾಗಿ ಕಪ್ಪಗಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳಿಂದಾಗಿ ಕಪ್ಪು ಸೊರಗಿ ಕಾಣುತ್ತಿತ್ತು. ನೆರೆಯ ಬಣ್ಣ ಒಂದನ್ನೊಂದು ಬದಲಿಸುವ ಈ ನಿಯಮವನ್ನು ಅವನು 1839ರಲ್ಲಿ ಪ್ರಕಟಿಸಿದ. ಗಾಢ ಬಣ್ಣಗಳ ಗದ್ದಲದಲ್ಲಿ ಇಂಥ ಸೂಕ್ಷ್ಮ ಮುಚ್ಚಿಹೋಗುತ್ತದೆ. ತಿಳಿಬಣ್ಣಗಳೇ ಇರುವಲ್ಲಿ ಮುಚ್ಚುವವರಿಲ್ಲ. ಪಂಚೆಗೂ ಕೋರಾಕ್ಕೂ ನಡುವೆ ಒಂದು ಬೂದಿ ತುಂಡು ಬಂದದ್ದೇ ಜಗಳ ನಿಂತಿತು.

ಚಹಾದ ಡಿಕಾಕ್ಷನ್ನಿನಲ್ಲಿ ಪಂಚೆಯನ್ನು ಅದ್ದಿ ಕೆನೆಬಣ್ಣ ಮಾಡುವ ಯೋಚನೆ ಬಂದಿತ್ತು. ಚಹಾದ ಒಗರಿನ ಅಂಶ ಹತ್ತಿಯ ಎಳೆಯನ್ನು ದಿನ ಕಳೆದಂತೆ ಸವೆಸುತ್ತದೆ. ಮೊದಲೇ ಸವೆದ ಪಂಚೆ, ಬೇಡ ಎಂದು ಬಿಟ್ಟೆ.

ಗಾಢತೆ ಒಂದೇ ಆದಾಗ

ಎಲ್ಲವೂ 3 ಆಗಿದ್ದರೆ ಕೌದಿ ಸಪ್ಪೆಯಾಗುತ್ತದೆ ಎಂದೇನಿಲ್ಲ. ಗೆರೆ ಬರಲು ಬೇರೆ ದಾರಿಗಳಿವೆ. ಸಾದಾ ಬಟ್ಟೆಯ ಪಕ್ಕ ಸಣ್ಣ ಚುಕ್ಕೆಯದನ್ನು ಇಡಬಹುದು. ಪಟ್ಟೆಯ ಬಟ್ಟೆಯನ್ನು ಒಂದು ಕಡೆ ಉದ್ದಕ್ಕೆ, ಪಕ್ಕದಲ್ಲೇ ಅಡ್ಡಕ್ಕೆ ಇಡಬಹುದು. ನನಗೆ ಹುಚ್ಚು ಹಿಡಿಸಿದ್ದು ಗುಳೇದಗುಡ್ಡ ಖಣದ ಒಂದು ಹಳೆಯ ರವಿಕೆತುಂಡು. ಅದರ ಹಾಸಿನ (ಉದ್ದದ) ಎಳೆ ಒಂದು ಬಣ್ಣ, ಹೊಕ್ಕಿನ (ಅಡ್ಡದ) ಎಳೆ ಇನ್ನೊಂದು. ಒಂದೇ ತುಂಡನ್ನು ಕಾಲುಸುತ್ತು ತಿರುಗಿಸಿದರೆ ಬೆಳಕು ಬೇರೆಯಾಗಿ ಹೊಳೆದು, ಬೇರೆ ಬಟ್ಟೆಯೇ ಎನ್ನುವಂತೆ ಕಾಣುತ್ತದೆ. ಖಣ ಸ್ವಲ್ಪ ಒರಟು, ಕೂಸಿನ ಮೈಗೆ ತಾಗಬಾರದು. ಅದಕ್ಕೇ ಕಾಲಿನ ಕಡೆಯ ಅಂಚಿಗೆ ಮಾತ್ರ ಎರಡು ತುಂಡು ಇಟ್ಟಿದ್ದೇನೆ.

ಗಂಜಿ

ವಾಯಿಲ್ ಒಳಮಡಿಕೆಗೆ ಬಗ್ಗುವುದಿಲ್ಲ, ಬೆರಳಿನಡಿ ಜಾರಿ ಹಾವಿನಂತೆ ವಾರೆಯಾಗುತ್ತದೆ. ಅನ್ನದ ತಿಳಿಗಂಜಿಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿದರೆ ಕಾಗದದಂತೆ ಮಾತು ಕೇಳುತ್ತದೆ. ಕೌದಿ ಮುಗಿದ ಮೇಲೆ ಒಗೆದು ಗಂಜಿ ಪೂರ್ತಿ ಬಿಡಿಸಲೇಬೇಕು, ಇಲ್ಲವಾದರೆ ಪೆಟ್ಟಿಗೆಯಲ್ಲಿ ಹುಳಕ್ಕೆ ಹಬ್ಬ. ಇನ್ನೊಂದು: ತೆಳುಬಟ್ಟೆಯ ಅಡಿಯಲ್ಲಿ ಗಾಢ ತುಂಡಿನ ಮಡಿಕೆ ಬಂದರೆ ಮೇಲೆ ನೆರಳುಗೆರೆಯಾಗಿ ಕಾಣುತ್ತದೆ. ಯಾವಾಗಲೂ ಗಾಢವಾದದ್ದೇ ಮೇಲೆ ಬರಲಿ, ತಿಳಿಯಾದದ್ದು ಅದರಡಿ ಹೋಗಲಿ.

ದಾರ

ಬಿಳಿ ದಾರ ಹಾಕಿದ್ದೆ, ಹೊಲಿಗೆ ಕಾಣಲೇ ಇಲ್ಲ. ಕಡುನೀಲಿ ಹಾಕಿದೆ, ಹೊಲಿಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಬಟ್ಟೆಗಿಂತ ಒಂದು ಅಂಕ ಗಾಢವಾದ ಬೂದಿ ದಾರ, ಸಾಲಿನಿಂದ ಸಾಲಿಗೆ ಅರ್ಧ ಇಂಚು. ಹಗಲಲ್ಲಿ ನೋಡಿದರೆ ದಾರ ಅಷ್ಟಾಗಿ ಗೊತ್ತಾಗುವುದಿಲ್ಲ. ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಹೊಲಿಗೆಯ ಸಾಲಿನ ತಗ್ಗಿನಲ್ಲೆಲ್ಲ ನೆರಳು ಕೂತು, ಕೌದಿ ಉತ್ತ ಹೊಲದಂತೆ ಕಾಣುತ್ತದೆ. ಫೋಟೊದಲ್ಲಿ ಇದನ್ನು ಹಿಡಿಯಲು ನಾಲ್ಕು ಸಂಜೆ ಪ್ರಯತ್ನಿಸಿ ಸೋತಿದ್ದೇನೆ.

ಇನ್ನು ಉಳಿದಿರುವುದು ನಾಲ್ಕು ಮೂಲೆ. ಸಿದ್ದಿಯರ ಕವಂದಿಯಲ್ಲಿ ಮೂಲೆಮೂಲೆಗೂ ಬಟ್ಟೆಯನ್ನು ಮಡಿಚಿ ಮಾಡಿದ ಪುಟ್ಟ ‘ಫುಲಾ’ ಇರುತ್ತದೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ. ಅಲ್ಲಿಯೂ 3 ಅಂಕದ ಬಟ್ಟೆಯನ್ನೇ ಇಡಬೇಕೆಂದಿದ್ದೆ. ದೊಡ್ಡವ್ವ ಮೊದಲ ಕೌದಿಯಿಂದ ಉಳಿದ ಕುಂಕುಮದ ಕೆಂಪಿನ ನಾಲ್ಕು ತುಂಡು ಕತ್ತರಿಸಿ ನನ್ನ ಸೂಜಿಡಬ್ಬಿಯಲ್ಲಿ ಇಟ್ಟು ಹೋಗಿದ್ದಾಳೆ. ಅಳೆದು ನೋಡಿದೆ, 7.