ಎಲ್ಲರೂ ಒಂದೇ ಅವಿಭಾಜ್ಯ ಸಂಖ್ಯೆ ಬಳಸಿದರೆ?

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕಂಪ್ಯೂಟರ್ ಕೆಲಸದವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ವಾಪಸ್ ಬಂದರು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಈಗ ಗೋಕರ್ಣದ ಹೋಮ್‌ಸ್ಟೇ ವೈಫೈಯಲ್ಲೂ ಅದೇ ಕೆಲಸ ನಡೆಯುತ್ತದೆ. ಸರ್ವರ್ ನೋಡಿಕೊಳ್ಳುವವರು ದೂರದಿಂದ ಅದರೊಳಗೆ ಹೋಗುವ ಮಾಮೂಲಿ ದಾರಿ ಎಸ್‌ಎಸ್‌ಎಚ್. ವೈಫೈ ಯಾರದ್ದೋ, ಮಧ್ಯದ ಕೇಬಲ್ ಇನ್ಯಾರದ್ದೋ. ಆದರೂ ನಡುವೆ ಕದ್ದು ನೋಡುವವನಿಗೆ ಪಾಸ್‌ವರ್ಡ್ ಕಾಣುವುದಿಲ್ಲ. ಇದರ ಹಿಂದೆ ಬಹಳ ಕಾಲ ಇದ್ದದ್ದು ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ. ಅದು ಗುಟ್ಟೇನಲ್ಲ, ಯಾರು ಬೇಕಾದರೂ ನೋಡಬಹುದು. ತಕರಾರು ಎದ್ದದ್ದು ಬೇರೆ ಕಾರಣಕ್ಕೆ: ಅದೇ ಸಂಖ್ಯೆಯನ್ನು ಜಗತ್ತಿನ ಎಷ್ಟೋ ಸರ್ವರ್‌ಗಳು ಬಳಸುತ್ತಿದ್ದವು.

ನಡುವೆ ಕೂತವನಿಗೆ ತಿಳಿಯದಂತೆ ಎರಡು ಯಂತ್ರಗಳು ಒಂದೇ ಗುಟ್ಟಿಗೆ ಬಂದು ಸೇರುವ ಲೆಕ್ಕ ಇದು. 1976ರಲ್ಲಿ ಇದನ್ನು ಪ್ರಕಟಿಸಿದವರು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್. ಬ್ರಿಟನ್ನಿನ ಗೂಢಚಾರ ಸಂಸ್ಥೆಯಲ್ಲಿ ಮಾಲ್ಕಮ್ ವಿಲಿಯಮ್‌ಸನ್ ಅದಕ್ಕೂ ಮೊದಲೇ ಇದನ್ನು ಕಂಡುಕೊಂಡಿದ್ದರು. ಅದು ಹೊರಗೆ ಬಂದದ್ದು 1997ರಲ್ಲಿ. ಅಷ್ಟರಲ್ಲಿ ಹೆಸರು ಬೇರೆಯವರಿಗೆ ಹೋಗಿಯಾಗಿತ್ತು, ಪಾಪ.

ಸಣ್ಣ ಸಂಖ್ಯೆಗಳಲ್ಲಿ ನೋಡೋಣ. ಒಂದು ಯಂತ್ರ ಕಾರವಾರದಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿ. 23 ಮತ್ತು 5 ಎಲ್ಲರಿಗೂ ಗೊತ್ತಿರುವ ಸಂಖ್ಯೆಗಳು. ಕಾರವಾರದ ಗುಟ್ಟು 3. ಅದು 5ನ್ನು 3ನೇ ಘಾತಕ್ಕೆ ಏರಿಸುತ್ತದೆ, 125. ಅದನ್ನು 23ರಿಂದ ಭಾಗಿಸಿದರೆ ಶೇಷ 10, ಅದನ್ನು ಕಳಿಸುತ್ತದೆ. ಬೆಂಗಳೂರಿನ ಗುಟ್ಟು 7. ಅಲ್ಲಿಂದ ಇದೇ ರೀತಿ 17 ಬರುತ್ತದೆ. ಕಾರವಾರದ ಯಂತ್ರ 17ನ್ನು 3ನೇ ಘಾತಕ್ಕೆ ಏರಿಸಿ ಶೇಷ ತೆಗೆದರೆ 14. ಬೆಂಗಳೂರಿನದು 10ನ್ನು 7ನೇ ಘಾತಕ್ಕೆ ಏರಿಸಿದರೂ 14. ಮುಂದಿನ ಮಾತುಕತೆಗೆ ಬೀಗ ಹಾಕುವ ಕೀಲಿ ಹುಟ್ಟುವುದು ಈ 14ರಿಂದಲೇ. ನಡುವೆ ಕೂತವನಿಗೆ 23, 5, 10, 17 ಎಲ್ಲವೂ ಕಾಣುತ್ತವೆ, 14 ಮಾತ್ರ ಇಲ್ಲ. ಇಲ್ಲಿ ಬೆರಳೆಣಿಕೆಯಲ್ಲೇ ಹುಡುಕಬಹುದು ಅನ್ನಿ. ಆದರೆ 23ರ ಜಾಗದಲ್ಲಿ 617 ಅಂಕಿಗಳ ಸಂಖ್ಯೆ ಇದ್ದರೆ ಹಿಂದಕ್ಕೆ ಲೆಕ್ಕ ಹಾಕುವುದು ಇವತ್ತಿನ ಯಾವ ಕಂಪ್ಯೂಟರಿಗೂ ಆಗದ ಮಾತು.

ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದರು. ದೂರದ ಯಂತ್ರದೊಳಗೆ ಹೋಗಲು ಆಗ ಬಳಸುತ್ತಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಇದ್ದ ಹಾಗೆಯೇ ಹೋಗುತ್ತಿತ್ತು. ಅಲ್ಲಿನ ಟಾಟು ಯ್ಲೋನೆನ್ ಬೇಸತ್ತು ಹೊಸ ದಾರಿಯನ್ನೇ ಬರೆದರು. ಡಿಫಿ-ಹೆಲ್‌ಮನ್ ಲೆಕ್ಕ ಸೇರಿದ್ದು ಅದರ ಎರಡನೇ ಆವೃತ್ತಿಯಲ್ಲಿ.

ಸಂಖ್ಯೆ ಎಲ್ಲಿಂದ ತರಬೇಕು? ಯಾವುದೋ ಅವಿಭಾಜ್ಯ ಸಂಖ್ಯೆ ಸಾಲದು. ಅದರಿಂದ 1 ಕಳೆದು ಅರ್ಧ ಮಾಡಿದರೂ ಅವಿಭಾಜ್ಯವೇ ಸಿಕ್ಕರೆ ಒಳ್ಳೆಯದು. ನಮ್ಮ 23 ಅಂಥದ್ದೇ, 22ರ ಅರ್ಧ 11. ಹಾಗಿಲ್ಲದಿದ್ದರೆ ದೊಡ್ಡ ಲೆಕ್ಕವನ್ನು ಚೂರು ಚೂರು ಮಾಡಿ ಬಿಡಿಸಿಬಿಡಬಹುದು. ಇಂಥ ದೊಡ್ಡ ಸಂಖ್ಯೆ ಹುಡುಕಲು ಹೊತ್ತು ಬೇಕು. ಅದಕ್ಕೇ ಮೊದಲೇ ಆರಿಸಿಟ್ಟ ಕೆಲವನ್ನು ಎಲ್ಲರೂ ಬಳಸತೊಡಗಿದರು. ಆರಿಸಿದವರು ಒಳಗೆ ಏನಾದರೂ ಕಿತಾಪತಿ ಮಾಡಿದ್ದಾರೆಯೇ ಎಂಬ ಅನುಮಾನ ಬರಬಾರದಲ್ವಾ? ಹಾಗಾಗಿ ಮಧ್ಯದ ಅಂಕಿಗಳನ್ನು ಪೈ ಬೆಲೆಯಿಂದ ತೆಗೆದುಕೊಂಡರು. ಪೈಯನ್ನು ಯಾರೂ ತಮಗೆ ಬೇಕಾದಂತೆ ತಿರುಚಲಾರರು. ಜಾಣತನದ ಉಪಾಯ, ಒಪ್ಪಬೇಕು.

ಅನುಮಾನ ಹೋಯಿತು, ಹಂಚಿಕೊಳ್ಳುವ ಅಪಾಯ ಉಳಿಯಿತು. 2015ರಲ್ಲಿ ಲಾಗ್‌ಜಾಮ್ ಎಂಬ ದಾಳಿಯನ್ನು ಕಂಡುಹಿಡಿದ ಸಂಶೋಧಕರು ಅದನ್ನು ತೋರಿಸಿದರು. ಈ ಲೆಕ್ಕ ಒಡೆಯುವ ಕೆಲಸದ ಬಹುಪಾಲು ಅವಿಭಾಜ್ಯ ಸಂಖ್ಯೆಗೆ ಸೇರಿದ್ದು, ಒಂದೊಂದು ಸಂಪರ್ಕಕ್ಕೆ ಅಲ್ಲ. ಬಾವಿ ತೋಡಿದ ಹಾಗೆ: ಕಲ್ಲು ಒಡೆಯುವ ಕಷ್ಟ ಒಂದೇ ಸಲ, ಆಮೇಲೆ ಕೊಡ ಎತ್ತುವುದಷ್ಟೇ. 512 ಬಿಟ್‌ನ, ಅಂದರೆ ಸುಮಾರು 155 ಅಂಕಿಗಳ, ಒಂದು ಸಂಖ್ಯೆಗೆ ಅವರು ಸುಮಾರು ಒಂದು ವಾರ ಲೆಕ್ಕ ಹಾಕಿದರು. ಆಮೇಲೆ ಒಂದೊಂದು ಸಂಪರ್ಕ ಒಡೆಯಲು ನಿಮಿಷದ ಆಸುಪಾಸು ಸಾಕಾಯಿತು. 1024 ಬಿಟ್ ಕೂಡ ದೊಡ್ಡ ಸರ್ಕಾರವೊಂದರ ಕೈಗೆ ಎಟುಕಬಹುದು ಎಂದು ಅಂದಾಜಿಸಿದರು. ಆ ಅಳತೆಯ ಒಂದೇ ಸಂಖ್ಯೆ ಒಡೆದರೆ ಎಸ್‌ಎಸ್‌ಎಚ್ ಸರ್ವರ್‌ಗಳಲ್ಲಿ ಶೇಕಡಾ 26ರಷ್ಟರ ಸಂಪರ್ಕ ಕದ್ದು ಓದಬಹುದು ಎಂಬುದು ಅವರ ಲೆಕ್ಕ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಬೆಚ್ಚಿಬೀಳಿಸುವ ಅಂಕಿ ಇದೇ.

ಅದೇ ವರ್ಷ ಆಗಸ್ಟ್‌ನಲ್ಲಿ ಎಸ್‌ಎಸ್‌ಎಚ್‌ಗೆ ಬಹಳ ಕಡೆ ಬಳಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನ 7.0 ಆವೃತ್ತಿ ಆ 1024 ಬಿಟ್‌ನ ವಿಧಾನವನ್ನು ತಾನಾಗಿ ಬಳಸುವುದನ್ನು ನಿಲ್ಲಿಸಿತು. ಸರ್ವರ್‌ನಲ್ಲಿ ಮಾಡುಲೈ ಎಂಬ ಕಡತದಲ್ಲಿ ಸ್ವಂತ ಸಂಖ್ಯೆಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ಅದಕ್ಕೂ ಮೊದಲೇ ಇತ್ತು. ಆದರೆ ಜೊತೆಗೇ ಬಂದ ಕಡತ ಬದಲಿಸಲು ಯಾರಿಗೆ ಪುರುಸೊತ್ತು? ಈಗ ಜಾಸ್ತಿ ಬಳಕೆಯಲ್ಲಿರುವುದು ಕರ್ವ್25519 ಎಂಬ ವಕ್ರರೇಖೆಯ ಲೆಕ್ಕ. ಅದರ ಅವಿಭಾಜ್ಯ ಸಂಖ್ಯೆ, ಅಂದರೆ 2ರ 255ನೇ ಘಾತದಿಂದ 19 ಕಳೆದರೆ ಬರುವುದು, ಕೂಡ ಎಲ್ಲರಿಗೂ ಒಂದೇ. ಅಲ್ಲಿ ಲೆಕ್ಕವೇ ಬೇರೆ ಬಗೆಯದ್ದು, ಒಮ್ಮೆ ದುಡಿದು ಎಲ್ಲವನ್ನೂ ಅಗ್ಗದಲ್ಲಿ ಒಡೆಯುವ ಅಂಥ ದಾರಿ ಸಿಕ್ಕಿಲ್ಲ. ಮುಂದೆ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಎರಡೂ ಬೀಳುತ್ತವೆ. ಅದಕ್ಕೇ 2022ರ 9.0 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಇದರ ಜೊತೆ ಇನ್ನೊಂದು ಬಗೆಯ ಲೆಕ್ಕವನ್ನೂ ಸೇರಿಸಿದೆ.

ಸಂಖ್ಯೆ ಎಷ್ಟೇ ದೊಡ್ಡದಿರಲಿ, ಆ ತುದಿಯಲ್ಲಿ ಯಾರಿದ್ದಾರೆ ಎಂದು ಅದು ಹೇಳುವುದಿಲ್ಲ. ಮೊದಲ ಸಲ ಲಾಗಿನ್ ಆಗುವಾಗ ಸರ್ವರ್‌ನ ಬೆರಳಚ್ಚು ತೋರಿಸಿ ಒಪ್ಪಿಗೆ ಕೇಳುವುದು ಅದಕ್ಕೇ. ಗೋಕರ್ಣದ ವೈಫೈಯಲ್ಲಿ ಕೂತು ಸುಮ್ನೆ ‘ಯೆಸ್’ ಎಂದು ಟೈಪ್ ಮಾಡುವವರೇ ಹೆಚ್ಚು.

ಕೆಲವು ಹಳೆಯ ರೂಟರ್, ಸ್ವಿಚ್‌ಗಳಿಗೆ ಆ 1024 ಬಿಟ್ ಬಿಟ್ಟು ಬೇರೆ ಗೊತ್ತೇ ಇರುವುದಿಲ್ಲ. ಹೊಸ ಎಸ್‌ಎಸ್‌ಎಚ್ ಅವುಗಳ ಜೊತೆ ಮಾತಾಡಲು ಒಪ್ಪುವುದಿಲ್ಲ. ಆಗ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ಸೇರಿಸಿ ಹಳೆಯದನ್ನು ಮತ್ತೆ ಎಬ್ಬಿಸುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಆ ಸಾಲನ್ನು ಆ ಒಂದು ಯಂತ್ರದ ಹೆಸರಿನ ಕೆಳಗೆ ಮಾತ್ರ ಬರೆಯಿರಿ, ಎಲ್ಲ ಯಂತ್ರಗಳಿಗೂ ಅನ್ವಯವಾಗುವ ಜಾಗದಲ್ಲಿ ಬೇಡ.